ಆ ತಪ್ಪಿನಿಂದ ನಾಯಿಗೆ ಏನು ಸಿಗುತ್ತಿದೆ?

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಊರು ಬೇರೆ ಬೇರೆಯಾದರೂ ದೂರು ಒಂದೇ: ‘ಎಲ್ಲಾ ಗೊತ್ತಾಗುತ್ತೆ, ಬೇಕೂಂತಲೇ ಮಾಡುತ್ತೆ.’ ನಾಯಿಗೆ ಹಟ ಸಾಧಿಸುವ ಬುದ್ಧಿ ಇಲ್ಲ. ಯಾವುದರಿಂದ ಲಾಭವಾಯಿತೋ ಅದನ್ನು ಮತ್ತೆ ಮಾಡುತ್ತದೆ. ಎಷ್ಟೋ ಸಲ ಆ ಲಾಭವನ್ನು ನಾವೇ ಗೊತ್ತಿಲ್ಲದೆ ಕೊಡುತ್ತಿರುತ್ತೇವೆ.

ಎರಡೂವರೆ ತಿಂಗಳ ನಾಟಿ ಮರಿ. ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಹೊರಗೆ ಅರ್ಧ ಗಂಟೆ ಸುತ್ತಾಡಿಸಿದರೂ ಏನೂ ಮಾಡುವುದಿಲ್ಲ, ಮನೆಗೆ ಬಂದು ಹಾಲ್‌ನಲ್ಲಿ ಉಚ್ಚೆ ಹೊಯ್ಯುತ್ತದೆ. ಮೂತಿಯನ್ನು ಅದಕ್ಕೇ ಹಿಡಿದು ಬೈದಿದ್ದಾಯಿತು. ಈಗ ಸೋಫಾ ಹಿಂದೆ ಹೋಗಿ ಮಾಡುತ್ತದೆ. — ತುಮಕೂರು

ಸೋಫಾ ಹಿಂದೆ ಹೋಗುತ್ತಿದೆ ಎಂದಿರಲ್ಲ, ಕಾರಣ ಅಲ್ಲೇ ಇದೆ. ಮರಿ ಕಲಿತದ್ದು ‘ಮನೆಯೊಳಗೆ ಮಾಡಬಾರದು’ ಎಂದಲ್ಲ, ‘ಇವರ ಕಣ್ಣೆದುರು ಮಾಡಬಾರದು’ ಎಂದು. ಹೊರಗೆ ನೀವು ಪಕ್ಕದಲ್ಲೇ ನಿಂತಿರುತ್ತೀರಿ, ಹಾಗಾಗಿ ಅಲ್ಲೂ ಬಿಗಿಹಿಡಿದುಕೊಳ್ಳುತ್ತದೆ. ಬೈಗುಳ, ಮೂತಿ ತಿಕ್ಕುವುದು ಇಂದೇ ನಿಲ್ಲಲಿ.

ಈ ವಯಸ್ಸಿಗೆ ಹಗಲು ಹೊತ್ತಿನಲ್ಲಿ ಎರಡು, ಹೆಚ್ಚೆಂದರೆ ಮೂರು ಗಂಟೆ ತಡೆಯಬಲ್ಲದು. ಆಟದ ನಡುವೆ ಅಷ್ಟೂ ಇಲ್ಲ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ 10–20 ನಿಮಿಷಕ್ಕೆ, ಆಟ ಮುಗಿದಾಗ, ರಾತ್ರಿ ಮಲಗುವ ಮುಂಚೆ, ಇದರ ನಡುವೆ ಎಚ್ಚರವಿದ್ದಾಗ ಗಂಟೆಗೊಮ್ಮೆ ಕರೆದೊಯ್ಯಿರಿ. ನಡೆಸಿಕೊಂಡು ಹೋದರೆ ಮೆಟ್ಟಿಲ ಮೇಲೇ ಆಗಿಬಿಡುತ್ತದೆ. ಎತ್ತಿಕೊಂಡೇ ಹೋಗಿ.

ಲಸಿಕೆಗಳ ಸರಣಿ ಮುಗಿಯಲು ಮರಿಗೆ ಸುಮಾರು 16 ವಾರ ಆಗಬೇಕು. ಅಲ್ಲಿಯವರೆಗೆ ಬೀದಿ ನಾಯಿಗಳು ಓಡಾಡುವ ಜಾಗ ಬೇಡ. ಮರಿಗಳಿಗೆ ಮಾರಕ ವಾಂತಿ-ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಟೆರೇಸ್ ಇದ್ದರೆ ಅಗಲವಾದ ಪ್ಲಾಸ್ಟಿಕ್ ಟ್ರೇಗೆ ನಾಯಿ ಸುಳಿಯದ ಕಡೆಯ ಮಣ್ಣನ್ನು ಮೂರು ಬೆರಳು ದಪ್ಪ ಹರಡಿ, ಉಚ್ಚೆ ಒರೆಸಿದ ಬಟ್ಟೆಯ ತುಂಡೊಂದನ್ನು ಅದರ ಮೇಲಿಡಿ. ಆ ವಾಸನೆ ‘ಜಾಗ ಇದೇ’ ಎಂದು ಮರಿಗೆ ಹೇಳುತ್ತದೆ.

ಅಲ್ಲಿ ಸುತ್ತಾಡಿಸಬೇಡಿ. ನಾಲ್ಕೈದು ಅಡಿಯ ಲೀಶ್ ಹಿಡಿದು ಐದು ನಿಮಿಷ ಸುಮ್ಮನೆ ನಿಲ್ಲಿ. ಮುಗಿಸಿದ ಒಂದೆರಡು ಸೆಕೆಂಡಿನೊಳಗೆ, ಅಲ್ಲೇ, ಬೇಯಿಸಿದ ಕೋಳಿಯ ಚೂರು ಕೊಡಿ. ಮನೆಗೆ ಬಂದ ಮೇಲೆ ಕೊಟ್ಟರೆ ಮನೆಗೆ ಬಂದದ್ದಕ್ಕೆ ಬಹುಮಾನ ಸಿಕ್ಕಂತಾಗುತ್ತದೆ. ಆಟ, ಸುತ್ತಾಟ ಇರುವುದು ಆಮೇಲೆ. ಉಚ್ಚೆ ಹೊಯ್ದ ತಕ್ಷಣ ಒಳಗೆ ಕರೆತಂದರೆ ಮರಿ ಬೇಗ ಲೆಕ್ಕ ಹಾಕುತ್ತದೆ: ಮಾಡಿದರೆ ಮೋಜು ಮುಗಿಯುತ್ತದೆ, ಆದ್ದರಿಂದ ತಡೆದುಕೊಳ್ಳಬೇಕು. ಐದು ನಿಮಿಷದಲ್ಲಿ ಏನೂ ಆಗಲಿಲ್ಲವೇ? ಒಳಗೆ ತಂದು ಕೆಳಗೆ ಬಿಡದೆ ತೊಡೆಯ ಮೇಲೆ ಇಟ್ಟುಕೊಂಡಿದ್ದು, ಹತ್ತು ನಿಮಿಷ ಬಿಟ್ಟು ಮತ್ತೆ ಹೋಗಿ.

ಹಾಲ್‌ನ ನೆಲಕ್ಕೆ ಫಿನಾಯಿಲ್ ಸಾಲದು. ಅದು ನಮ್ಮ ಮೂಗಿಗೆ ಮಾತ್ರ ಸಮಾಧಾನ. ಪಾದ ನೆಕ್ಕುವ ಮರಿಗೆ ಒಳ್ಳೆಯದೂ ಅಲ್ಲ. ಹಳೆ ಬಟ್ಟೆ ಒತ್ತಿ ಹೀರಿಸಿ, ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸಿ ಹತ್ತು ನಿಮಿಷ ಬಿಟ್ಟು ಒರೆಸಿ. (ಮಾರ್ಬಲ್ ನೆಲವಾದರೆ ವಿನೆಗರ್ ಕಲೆ ಮಾಡುತ್ತದೆ, ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎಂಜೈಮ್ ದ್ರಾವಣ ತನ್ನಿ.) ಒಂದು ವಾರ ಕ್ಯಾಲೆಂಡರ್ ಮೇಲೆ ಹೊತ್ತು ಗುರುತು ಹಾಕಿ. ದಿನಾ ಹನ್ನೊಂದಕ್ಕೇ ಆಗುತ್ತಿದ್ದರೆ ಹತ್ತೂಮುಕ್ಕಾಲಿಗೆ ಎತ್ತಿಕೊಂಡು ಹೋದರಾಯಿತು. ಹನಿ ಹನಿಯಾಗಿ ಪದೇ ಪದೇ ಹೋಗುತ್ತಿದ್ದರೆ ಅದು ಸೋಂಕು ಇರಬಹುದು, ಪಶುವೈದ್ಯರಿಗೆ ತೋರಿಸಿ.

ನಾಲ್ಕೂವರೆ ತಿಂಗಳ ಲ್ಯಾಬ್ರಡಾರ್ ಮಕ್ಕಳ ಕಾಲು ಕಚ್ಚುತ್ತದೆ, ಸಂಜೆ ವಿಪರೀತ. ಕಾಯಿ ಸುಲಿದ ಸಿಪ್ಪೆಯ ರಾಶಿಗೆ ಹೋಗಿ ನಾರು ಅಗಿಯುತ್ತದೆ. — ತಿಪಟೂರು

ಹಲ್ಲು ಬದಲಾಗುವ ಕಾಲ. 28 ಹಾಲುಹಲ್ಲು ಬಿದ್ದು 42 ಹಲ್ಲು ಬರುವಷ್ಟರಲ್ಲಿ ಆರೇಳು ತಿಂಗಳಾಗುತ್ತದೆ. ಅಗಿಯುವುದನ್ನು ನಿಲ್ಲಿಸಲು ಬರುವುದಿಲ್ಲ, ಬೇರೆ ವಸ್ತು ಕೊಡಬಹುದು: ಗಂಟು ಹಾಕಿದ ದಪ್ಪ ಹತ್ತಿ ಬಟ್ಟೆಯನ್ನು ನೆನೆಸಿ ಫ್ರೀಜರಿನಲ್ಲಿಟ್ಟು ಕೊಡಿ, ಒಸಡಿಗೆ ಹಿತ. ಬಟ್ಟೆ ಹರಿಯತೊಡಗಿದರೆ ಎತ್ತಿಡಿ.

ಸಿಪ್ಪೆಯ ರಾಶಿಗೆ ಬೇಲಿ ಹಾಕಲೇಬೇಕು. ನುಂಗಿದ ನಾರು ಕರುಳಿನಲ್ಲಿ ಉಂಡೆಯಾಗಿ ಸಿಕ್ಕಿಕೊಳ್ಳುತ್ತದೆ. ವಾಂತಿ, ಊಟ ಬಿಡುವುದು, ಮಲಕ್ಕೆ ತಿಣುಕುವುದು ಕಂಡರೆ ನಾಳೆಗೆ ಕಾಯಬೇಡಿ. ಕೊಬ್ಬರಿ ಉಗುರಿನಷ್ಟು ಚೂರಾದರೆ ಪರವಾಗಿಲ್ಲ. ಬಟ್ಟಲುಗಟ್ಟಲೆ ತಿಂದರೆ ಅದರ ಕೊಬ್ಬು ಮೇದೋಜೀರಕ ಗ್ರಂಥಿಗೆ ಕುತ್ತು ತರಬಹುದು.

ಮಕ್ಕಳು ಕಿರುಚಿ ಓಡಿದರೆ ಮರಿಗೆ ಅದಕ್ಕಿಂತ ಚೆಂದದ ಆಟ ಇನ್ನೊಂದಿಲ್ಲ. ಹಲ್ಲು ತಾಗಿದ ಕೂಡಲೇ ಕೈಕಟ್ಟಿ ಕಂಬದಂತೆ ನಿಲ್ಲಲು ಕಲಿಸಿ. ಆಗಲೂ ಬಿಡದಿದ್ದರೆ ದೊಡ್ಡವರು ಮಕ್ಕಳನ್ನು ಬಾಗಿಲಾಚೆ ಕರೆದೊಯ್ದು ಅರ್ಧ ನಿಮಿಷ ಬಾಗಿಲು ಹಾಕಿ, ಮಾತಿಲ್ಲದೆ ವಾಪಸ್ ಬನ್ನಿ. ಒಂದು ಸಂಜೆಗೆ ಐದಾರು ಸಲ ಬೇಕಾದೀತು. ಇನ್ನೊಂದು ಮಾತು: ಮರಿಗೆ ದಿನಕ್ಕೆ 16–18 ಗಂಟೆ ನಿದ್ದೆ ಬೇಕು. ಸಂಜೆಯ ರಂಪ ಹಲವು ಸಲ ನಿದ್ದೆಗೆಟ್ಟ ಮಗುವಿನ ಅಳುವಿನಂಥದ್ದೇ. ಮಧ್ಯಾಹ್ನ ಎರಡು ಗಂಟೆ ಹೊತ್ತು ಕತ್ತಲೆ ಕೋಣೆಯಲ್ಲಿ ಮಲಗಿಸಿ ನೋಡಿ.

ನಮ್ಮದು ಬೆಂಗಳೂರು ಬ್ಲೂ ದ್ರಾಕ್ಷಿ ತೋಟ. ‘ಕೂತ್ಕೋ’ ಕಲಿಸುವಾಗ ದ್ರಾಕ್ಷಿ ಕೊಡಬಹುದೇ? — ಚಿಕ್ಕಬಳ್ಳಾಪುರ

ಬೇಡವೇ ಬೇಡ. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಯಾವ ನಾಯಿಗೆ ಎಷ್ಟು ತಿಂದರೆ ಅಪಾಯ ಎಂದು ಮೊದಲೇ ಹೇಳಲು ಬರುವುದಿಲ್ಲ. ಆದ್ದರಿಂದ ಒಂದೂ ಬೇಡ. ಪಾಯಸದ ಒಣದ್ರಾಕ್ಷಿಯೂ ಸೇರಿತು. ಉದುರಿದ್ದನ್ನು ತಿಂದದ್ದು ಕಂಡರೆ ಲಕ್ಷಣಕ್ಕೆ ಕಾಯದೆ ಪಶುವೈದ್ಯರ ಬಳಿ ಹೋಗಿ.

ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ, ಪನೀರ್ ಸಾಕು. ಚೂರು ಹುರಿಗಡಲೆಯಷ್ಟಿದ್ದರೆ ಒಂದೇ ಮೊಟ್ಟೆಯಲ್ಲಿ ಒಂದು ದಿನದ ಪಾಠ ಮುಗಿಯುತ್ತದೆ. ಟ್ರೀಟ್ ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ, ಅಷ್ಟು ಮುದ್ದೆಯನ್ನು ತಟ್ಟೆಯಲ್ಲಿ ಕಡಿಮೆ ಮಾಡಿ.

ರೇಷ್ಮೆ ಹುಳು ಸಾಕುವ ಮನೆ ಬಾಗಿಲು ತೆರೆದರೆ ಸಾಕು, ನಾಯಿ ಒಳಗೆ ನುಗ್ಗಿ ಹಿಪ್ಪುನೇರಳೆ ಸೊಪ್ಪಿನ ರಾಶಿ ಮೇಲೆ ಮಲಗುತ್ತದೆ. ಗದರಿದರೆ ಎದ್ದು ಹೋಗುತ್ತದೆ, ಮತ್ತೆ ಬರುತ್ತದೆ. ಮೈಮೇಲೆ ರಕ್ತ ಹೀರುವ ಉಣ್ಣೆಯೂ ಬಹಳ. ಏನು ಹಚ್ಚಬೇಕು? — ಶಿಡ್ಲಘಟ್ಟ

ಮೊದಲು ಉಣ್ಣೆಯ ವಿಚಾರ, ಏಕೆಂದರೆ ಇಲ್ಲಿ ಬೆಳೆಯೇ ಹೋಗಬಹುದು. ಉಣ್ಣೆಗೆ ಹಚ್ಚುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ರೇಷ್ಮೆಹುಳುವಿಗೆ ಕಡುವಿಷ. ಔಷಧಿ ಹಚ್ಚಿದ ನಾಯಿ ಸೊಪ್ಪಿನ ಮೇಲೆ ಹೊರಳಿದರೆ, ಅಥವಾ ನಾಯಿ ಸವರಿದ ಕೈಯಲ್ಲೇ ನೀವು ಸೊಪ್ಪು ಹಾಕಿದರೆ, ವಿಷ ಹುಳುವಿಗೆ ತಲುಪಿತು. ಉಣ್ಣೆ ಪೌಡರು, ಕೆಲವು ಶಾಂಪೂ, ಕೊರಳಪಟ್ಟಿಗಳಲ್ಲೂ ಇದೇ ಜಾತಿಯ ಔಷಧಿ ಇರುತ್ತದೆ. ‘ಮನೆಯಲ್ಲಿ ಹುಳು ಸಾಕುತ್ತೇವೆ’ ಎಂದು ಪಶುವೈದ್ಯರಿಗೆ ಮೊದಲೇ ಹೇಳಿ, ನಾಯಿಯ ತೂಕ ನೋಡಿ ಬಾಯಿಗೆ ಕೊಡುವ ಉಣ್ಣೆ ಗುಳಿಗೆ ಬರೆಸಿಕೊಳ್ಳಿ.

ಇನ್ನು ನಾಯಿ ಸೊಪ್ಪಿಗೇ ಏಕೆ ಹೋಗುತ್ತದೆ? ತಂಪಿಗೆ. ಅದೇ ತಂಪು ಹೊರಗೆ ಸಿಗಬೇಕು. ಬಾಗಿಲಿನಿಂದ ಆರು ಅಡಿ ದೂರ, ನೆರಳಿನಲ್ಲಿ, ಒದ್ದೆ ಗೋಣಿಚೀಲ ಹಾಸಿ.

ಪಾಠ ಬಾಗಿಲಲ್ಲಿ. ನಾಯಿಗೆ ಲೀಶ್ ಹಾಕಿ ಮನೆಯ ಇನ್ನೊಬ್ಬರ ಕೈಗೆ ಕೊಡಿ. ಎಳೆಯಲು ಅಲ್ಲ, ನುಗ್ಗದಂತೆ ತಡೆಯಲು ಮಾತ್ರ. ನಾಯಿ ಗೋಣಿಯ ಮೇಲೆ ಕೂತಿರಲಿ. ನೀವು ಚಿಲಕ ಮುಟ್ಟಿ. ಕದಲಲಿಲ್ಲವೇ? ಒಂದು ಚೂರನ್ನು ನಾಯಿಯ ಹಿಂದಕ್ಕೆ ಎಸೆಯಿರಿ, ಬಾಗಿಲ ಕಡೆಗೆ ಎಂದೂ ಬೇಡ. ಆಮೇಲೆ ಬಾಗಿಲು ನಾಲ್ಕು ಬೆರಳು ತೆರೆಯಿರಿ. ಎದ್ದರೆ ಮಾತಿಲ್ಲದೆ ಮುಚ್ಚಿ, ಕೂತೇ ಇದ್ದರೆ ಚೂರು. ಹೀಗೆ ಅರ್ಧ ಬಾಗಿಲು, ಪೂರ್ತಿ ಬಾಗಿಲು, ನಿಮ್ಮ ಒಂದು ಕಾಲು ಒಳಗೆ, ಎರಡು ಹೆಜ್ಜೆ ಒಳಗೆ, ಕೊನೆಗೆ ಸೊಪ್ಪಿನ ಬುಟ್ಟಿ ಹೊತ್ತುಕೊಂಡು. ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ಮೂರು ಸಲ. ಸತತ ಎರಡು ಸಲ ತಪ್ಪಿದರೆ ಎರಡು ಹಂತ ಹಿಂದಕ್ಕೆ ಹೋಗಿ.

ಕೆಡುವುದು ಎಲ್ಲಿ ಗೊತ್ತೇ? ನಾಯಿ ಚೆನ್ನಾಗಿ ಕಾಯಿತೆಂದು ಖುಷಿಯಲ್ಲಿ ಒಳಗಿನಿಂದಲೇ ‘ಬಾ’ ಎಂದು ಕರೆಯುವುದು. ಆಗ ‘ಕಾದರೆ ಒಳಗೆ ಹೋಗಬಹುದು’ ಎಂದೇ ಅದು ಕಲಿಯುತ್ತದೆ. ನೀವೇ ಹೊರಗೆ ಬಂದು, ಬಾಗಿಲು ಹಾಕಿ, ಗೋಣಿಯ ಬಳಿ ಕೊಟ್ಟು, ‘ಹೋಗು’ ಎಂದು ಬಿಡಿ. ಅಜ್ಜಿಯೋ ಮಗನೋ ಪ್ರೀತಿಗೆ ಒಂದು ದಿನ ಒಳಗೆ ಬಿಟ್ಟರೆ ವಾರದ ಕೆಲಸ ಹಾಳು. ಕಲಿಯುವವರೆಗೆ ಬಿದಿರಿನ ಅರ್ಧಗೇಟು ಇರಲಿ. ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹಂತ) ಎದ್ದು ಹುಳು ಹಗಲೂ ರಾತ್ರಿ ಮೇಯುವಾಗ ಈ ಪಾಠ ಶುರು ಮಾಡಬೇಡಿ. ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಮಾಡಿ, ಆಗ ನಿಮಗೂ ತಾಳ್ಮೆ ಇರುತ್ತದೆ.

ಗೇಟಿನ ಹತ್ತಿರ ಕಟ್ಟಿದ್ದೇವೆ. ಹಾಲಿನವರು, ಸ್ಕೂಟರ್, ಶಾಲೆ ಮಕ್ಕಳು, ಎಲ್ಲರಿಗೂ ಬೊಗಳುತ್ತದೆ. ‘ಸುಮ್ನಿರು’ ಎಂದು ಕೂಗಿದರೆ ಇನ್ನೂ ಹೆಚ್ಚು. — ಕೋಲಾರ

ಬೊಗಳಿತು, ಸ್ಕೂಟರ್ ಹೋಯಿತು. ತಾನೇ ಓಡಿಸಿದೆ ಎಂಬುದು ನಾಯಿಯ ಲೆಕ್ಕ, ದಿನಕ್ಕೆ ಐವತ್ತು ಸಲ ಗೆಲ್ಲುತ್ತದೆ. ಜೊತೆಗೆ ನೀವೂ ಕೂಗಿದರೆ ಮನೆಯವರೂ ಸೇರಿ ಬೊಗಳುತ್ತಿದ್ದಾರೆ ಅಂದುಕೊಳ್ಳುತ್ತದೆ. ಅಲ್ಲಿಂದ ಬಿಚ್ಚಿ ಹಿತ್ತಲ ಕಡೆಗೆ ಜಾಗ ಮಾಡಿ. ಗೇಟಿನ ಕೆಳಗಿನ ನಾಲ್ಕು ಅಡಿಗೆ ಶೀಟು ಕಟ್ಟಿ. ಹಾಲಿನವರ ಹೊತ್ತು ನಿಮಗೆ ಗೊತ್ತಿರುತ್ತದೆ: ಆ ಬೈಕಿನ ಸದ್ದು ದೂರದಲ್ಲಿ ಕೇಳಿದಾಗಲೇ, ನಾಯಿ ಬಾಯಿ ತೆರೆಯುವ ಮುಂಚೆ, ಗೇಟಿನಿಂದ ಹತ್ತು ಹದಿನೈದು ಅಡಿ ದೂರದಲ್ಲಿ ಚೂರುಗಳನ್ನು ನೆಲಕ್ಕೆ ಚೆಲ್ಲಿ. ಬೈಕು ಹೋದ ಮೇಲೆ ನಿಲ್ಲಿಸಿ. ಹದಿನೈದು ದಿನ ಬಿಡದೆ ಮಾಡಿ. ಸದ್ದಾದರೆ ನಿಮ್ಮ ಮುಖ ನೋಡತೊಡಗುತ್ತದೆ. ಅಪರಿಚಿತರು ಬಂದಾಗ ಎರಡು ಬೊಗಳು ಇರಲಿ, ಮನೆಗೆ ಅದೂ ಬೇಕು.

ಊಟದ ತಟ್ಟೆಯ ಹತ್ತಿರ ಹೋದರೆ ಗುರ್ ಎನ್ನುತ್ತದೆ. ಮೊನ್ನೆ ಆರು ವರ್ಷದ ಮಗಳ ಕೈಗೆ ಹಲ್ಲು ತರಚಿತು. ಹೊಡೆದು ಬುದ್ಧಿ ಕಲಿಸಬೇಕೇ? — ಗೌರಿಬಿದನೂರು

ಮಗಳನ್ನು ಇನ್ನೂ ಆಸ್ಪತ್ರೆಗೆ ತೋರಿಸಿಲ್ಲದಿದ್ದರೆ ಇವತ್ತೇ ಹೋಗಿ. ತರಚಿದರೂ ಅಷ್ಟೇ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು. ನಾಯಿಗೆ ಲಸಿಕೆ ಆಗಿದ್ದರೂ ಚುಚ್ಚುಮದ್ದು ಬೇಕೋ ಬೇಡವೋ ವೈದ್ಯರೇ ಹೇಳಲಿ. ಶುರು ಮಾಡಿದರೆ ಅವರು ಹೇಳಿದ ಯಾವ ದಿನವನ್ನೂ ತಪ್ಪಿಸಬೇಡಿ. ನಾಯಿಗೆ ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ವರ್ಷಕ್ಕೆ ಬೂಸ್ಟರ್ ಆಗಿದೆಯೇ ಎಂದು ಪುಸ್ತಕ ತೆಗೆದು ನೋಡಿ.

ಹೊಡೆಯಬೇಡಿ. ಗುರ್ ಎನ್ನುವುದು ಎಚ್ಚರಿಕೆ. ಅದಕ್ಕೆ ಹೊಡೆತ ಬಿದ್ದರೆ ಎಚ್ಚರಿಕೆ ನಿಲ್ಲುತ್ತದೆ, ಹೆದರಿಕೆ ನಿಲ್ಲುವುದಿಲ್ಲ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ನಾಯಿ ಉಣ್ಣುವಾಗ ಬಾಗಿಲು ಹಾಕಿ, ಮಗು ಆ ಕಡೆ ಸುಳಿಯಬಾರದು. ದೊಡ್ಡವರೊಬ್ಬರು ತಟ್ಟೆಯಿಂದ ಎಂಟು ಅಡಿ ದೂರದಲ್ಲಿ ನಡೆದುಹೋಗುತ್ತಾ, ನಿಲ್ಲದೆ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಚೂರೊಂದನ್ನು ಅತ್ತ ಎಸೆಯಲಿ. ಒಂದು ಊಟಕ್ಕೆ ನಾಲ್ಕು ಸಲ. ಮೂರು ದಿನ ಸತತವಾಗಿ ತಲೆ ಎತ್ತಿ ಸಡಿಲವಾದ ಮೈಯಲ್ಲಿ ‘ತಂದಿರಾ?’ ಎಂಬಂತೆ ನೋಡಿದರೆ ಒಂದು ಅಡಿ ಹತ್ತಿರ. ಮೈ ಸೆಟೆದರೆ, ಗಬಗಬ ತಿನ್ನತೊಡಗಿದರೆ ಹತ್ತಿರ ಹೋದದ್ದು ಜಾಸ್ತಿಯಾಯಿತು ಎಂದರ್ಥ. ತಟ್ಟೆಗೆ ಕೈ ಹಾಕಿ ‘ಯಜಮಾನ ಯಾರು’ ಎಂದು ತೋರಿಸುವ ಹಳೆಯ ರೂಢಿಯೇ ಎಷ್ಟೋ ನಾಯಿಗಳಿಗೆ ಈ ಚಾಳಿ ಕಲಿಸಿದೆ. ಹಲ್ಲು ಆಳವಾಗಿ ಊರಿದ್ದರೆ ನೀವೇ ಪ್ರಯೋಗ ಮಾಡದೆ ಪಶುವೈದ್ಯರ ನೆರವು ಪಡೆಯಿರಿ.

ಏಪ್ರಿಲ್‌ನಲ್ಲಿ ನಾಲ್ಕು ಗಂಟೆಗೆ ವಾಕಿಂಗ್ ಹೊರಟರೆ ರಸ್ತೆಯಲ್ಲಿ ಕೂತುಬಿಡುತ್ತದೆ, ಎಳೆಯಬೇಕು. — ಪಾವಗಡ

ನಿಮ್ಮ ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಟ್ಟು ನೋಡಿ. ಆಗದಿದ್ದರೆ ನಾಯಿಯ ಪಾದಕ್ಕೂ ಆಗದು. ಬೆಳಗ್ಗೆ ಏಳರೊಳಗೆ ಅಥವಾ ಕತ್ತಲಾದ ಮೇಲೆ ಹೋಗಿ. ಆಗಲೂ ಕೂತರೆ ಪಾದದ ಬೆರಳ ಸಂದು, ಉಗುರು ಪರೀಕ್ಷಿಸಿ.

‘ಬಾ’ ಎಂದರೆ ಮೊದಲು ಓಡಿ ಬರುತ್ತಿತ್ತು. ಈಗ ಹೊಲದಲ್ಲಿ ಬಿಟ್ಟರೆ ಹತ್ತಡಿ ದೂರ ನಿಂತು ನೋಡುತ್ತದೆ, ಕೈಗೆ ಸಿಗುವುದಿಲ್ಲ. — ಮಧುಗಿರಿ

ಹೋದ ವಾರ ‘ಬಾ’ ಎಂದ ಮೇಲೆ ಏನೇನಾಯಿತು ನೆನಪಿಸಿಕೊಳ್ಳಿ. ಚೈನು, ಸ್ನಾನ, ಉಣ್ಣೆ ಕೀಳುವುದು, ಮನೆಗೆ ವಾಪಸ್. ಆ ಪದ ಕೆಟ್ಟಿದೆ, ಬಿಟ್ಟುಬಿಡಿ. ‘ಇಲ್ಲಿ’ ಎಂಬ ಹೊಸ ಪದ ಹಿಡಿಯಿರಿ, ಮನೆಯವರೆಲ್ಲ ಅದನ್ನೇ ಬಳಸಲಿ. ಮೊದಲ ವಾರ ಅಂಗಳದಲ್ಲಿ, ಐದು ಅಡಿ ದೂರದಿಂದ ಒಂದೇ ಸಲ ಕರೆಯಿರಿ. ಬಂದಾಗ ಒಂದು ಕೈಯಲ್ಲಿ ಕೊರಳಪಟ್ಟಿ ಹಿಡಿದು ಇನ್ನೊಂದು ಕೈಯಲ್ಲಿ ಚೂರು ಕೊಟ್ಟು ಬಿಟ್ಟುಬಿಡಿ. ಈ ಹಿಡಿದು-ಕೊಟ್ಟು-ಬಿಡುವುದೇ ಮುಖ್ಯ; ಹತ್ತರಲ್ಲಿ ಒಂಬತ್ತು ಸಲ ಮತ್ತೆ ಆಟಕ್ಕೆ ಬಿಡಬೇಕು. ಸ್ನಾನಕ್ಕೆ, ಕಟ್ಟುವುದಕ್ಕೆ ಕರೆಯಬೇಡಿ, ನೀವೇ ಹೋಗಿ ಕರೆತನ್ನಿ.

ಎರಡನೇ ವಾರದಿಂದ ಹೊಲ. 30 ಅಡಿಯ ಹಗುರವಾದ ಹತ್ತಿ ಹಗ್ಗವನ್ನು ಎದೆಯ ಹಾರ್ನೆಸ್‌ಗೆ ಕಟ್ಟಿ. ಕುತ್ತಿಗೆಗೆ ಕಟ್ಟಿದರೆ ಓಟದ ಜೋರಿಗೆ ಪೆಟ್ಟಾಗುತ್ತದೆ. ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಕೊಯ್ಯುತ್ತದೆ. ನೆಲದ ಮೇಲೆ ಎಳೆದಾಡಲಿ, ಬೇಕಾದಾಗ ಕಾಲಲ್ಲಿ ಮೆಟ್ಟಿ. ಎಳೆದು ತರಬೇಡಿ. ಬರಲಿಲ್ಲವೆಂದರೆ ನೀವು ತಿರುಗಿ ಎದುರು ದಿಕ್ಕಿಗೆ ಓಡಿ, ಹಿಂದೆಯೇ ಬರುತ್ತದೆ. ಕುರಿ ಮಂದೆ ಕಣ್ಣಿಗೆ ಬಿದ್ದ ದಿನ ಪಾಠ ಬೇಡ. ಎರಡು ವಾರ ತಪ್ಪದೆ ಬಂದರೆ ಹಗ್ಗವನ್ನು ವಾರಕ್ಕೆ ಐದು ಅಡಿಯಂತೆ ಕತ್ತರಿಸುತ್ತಾ ಬನ್ನಿ. ಗೇಣುದ್ದದ ತುಂಡು ಇನ್ನೊಂದು ತಿಂಗಳು ಹಾರ್ನೆಸ್‌ನಲ್ಲೇ ಇರಲಿ.