ನೀರಿನ ಲೆಕ್ಕದಲ್ಲಿ ಜನರ ಪಾಲು

ಪ್ರಶ್ನೆ: ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಏಪ್ರಿಲ್ ಬಂತೆಂದರೆ ಟ್ಯಾಂಕರ್ ತರಿಸಬೇಕಾಗುತ್ತದೆ. ಮಳೆನೀರು ಇಂಗಿಸುವ ಗುಂಡಿಯಿದ್ದರೂ ಅದರತ್ತ ಯಾರೂ ನೋಡುವುದಿಲ್ಲ. ಸಭೆ ಕರೆದರೆ ‘ನೀರು ಕೊಡುವುದು ಪಾಲಿಕೆಯ ಕೆಲಸ’ ಎನ್ನುತ್ತಾರೆ. ಅಭಿವೃದ್ಧಿಶೀಲ ದೇಶಗಳಲ್ಲಿ ಜನರ ಸಹಭಾಗಿತ್ವವಿಲ್ಲದೆ ಜಲಸಂರಕ್ಷಣೆ ಸಾಧ್ಯವಿಲ್ಲ ಎಂಬ ಮಾತಿನಲ್ಲಿ ಹುರುಳಿದೆಯೇ, ಅಥವಾ ಇದು ಸರ್ಕಾರದ ಹೊರೆಯನ್ನು ಜನರ ಹೆಗಲಿಗೆ ದಾಟಿಸುವ ಉಪಾಯವೇ?
— ಓದುಗರು, ಕೋಥರೂಡ್, ಪುಣೆ

ಉತ್ತರ: ನಿಮ್ಮ ಅನುಮಾನ ನಿರಾಧಾರವಲ್ಲ. ಜನರಿಂದ ಶ್ರಮದಾನ ಮಾಡಿಸಿ, ನೀರು ಯಾರಿಗೆ ಎಷ್ಟು ಎಂಬ ತೀರ್ಮಾನವನ್ನು ಮಾತ್ರ ಕಚೇರಿಯಲ್ಲೇ ಇಟ್ಟುಕೊಂಡ ಯೋಜನೆಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಅಂಥ ಒಡ್ಡುಗಳಲ್ಲಿ ಹೂಳು ತುಂಬಿದರೆ ಕೇಳುವವರಿರುವುದಿಲ್ಲ, ಏಕೆಂದರೆ ಅವು ತಮ್ಮವೆಂದು ಊರಿನವರಿಗೆ ಎಂದೂ ಅನಿಸಿರುವುದಿಲ್ಲ. 1992ರ ಡಬ್ಲಿನ್ ಸಮ್ಮೇಳನವು ನೀರಿನ ನಿರ್ವಹಣೆಯಲ್ಲಿ ಬಳಕೆದಾರರೂ ಎಲ್ಲ ಹಂತಗಳಲ್ಲಿ ಪಾಲ್ಗೊಳ್ಳಬೇಕೆಂದು ಘೋಷಿಸಿತು. ನನ್ನ ಮಟ್ಟಿಗೆ ಅದರ ಅರ್ಥ ಇಷ್ಟೇ: ತೀರ್ಮಾನದಲ್ಲಿ ಪಾಲಿಲ್ಲದ ಕಡೆ ದುಡಿಮೆಯಲ್ಲಿ ಮಾತ್ರ ಪಾಲು ಕೇಳುವುದು ಸಹಭಾಗಿತ್ವವಲ್ಲ.

ಇದಕ್ಕೆ ಉತ್ತಮ ನಿದರ್ಶನ ನಿಮಗೆ ಹತ್ತಿರದಲ್ಲೇ, ದಿವೇಘಾಟಿನಾಚೆಯ ಪುರಂದರ ತಾಲ್ಲೂಕಿನಲ್ಲಿದೆ. 1972ರ ಬರದ ನಂತರ ಪುಣೆಯ ಎಂಜಿನಿಯರ್ ವಿಲಾಸರಾವ್ ಸಾಳುಂಖೆಯವರು ನಾಯಗಾಂವ್‌ನಲ್ಲಿ ಆರಂಭಿಸಿದ ಪಾನಿ ಪಂಚಾಯತ್ ಪ್ರಯೋಗದಲ್ಲಿ ನೀರನ್ನು ಹಂಚಿದ್ದು ಜಮೀನಿನ ಎಕರೆ ನೋಡಿ ಅಲ್ಲ, ಮನೆಯ ತಲೆ ಎಣಿಸಿ. ತಲೆಗೆ ಅರ್ಧ ಎಕರೆಯಂತೆ, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ ಸಾಲುವಷ್ಟು ನೀರು, ಭೂಹೀನರಿಗೂ ಹಕ್ಕು, ಜಮೀನು ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗುವುದಿಲ್ಲ, ಕಬ್ಬು ಬೆಳೆಯುವಂತಿಲ್ಲ, ಯೋಜನೆಯ ವೆಚ್ಚದ ಶೇಕಡಾ 20ರಷ್ಟನ್ನು ಸದಸ್ಯರೇ ಭರಿಸಬೇಕು. ನೀರು ಬಿಡುವ ಪಾಟಕರಿಯನ್ನು ನೇಮಿಸುವವರೂ ಅವರೇ. ನಮ್ಮ ಕೆರೆಯ ಊರುಗಳಲ್ಲಿ ಈ ಕೆಲಸ ಮಾಡುತ್ತಿದ್ದ ನೀರುಗಂಟಿಯೂ ಊರಿಗೆ ಉತ್ತರ ಹೇಳಬೇಕಾದವನೇ ಆಗಿದ್ದ ಎಂಬುದು ಹಿರಿಯರಿಗೆ ನೆನಪಿರಬಹುದು. ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಾಜಾರ್‌ನಲ್ಲಂತೂ ಆ ವರ್ಷದ ಮಳೆಯನ್ನು ಅಳೆದು, ನೀರಿನ ಆಯವ್ಯಯ ಹಾಕಿ, ಯಾವ ಬೆಳೆ ಇಡಬೇಕೆಂಬುದನ್ನು ಗ್ರಾಮಸಭೆಯೇ ನಿರ್ಧರಿಸುತ್ತದೆ.

ಹಾಗಾದರೆ ಸರ್ಕಾರಕ್ಕೆ ಕೆಲಸವೇ ಇಲ್ಲವೇ? ಖಂಡಿತ ಇದೆ. ಕರಾಚಿಯ ಒರಂಗಿ ಬಡಾವಣೆಯಲ್ಲಿ 1980ರಿಂದ ನಡೆದ ಯೋಜನೆಯಲ್ಲಿ ಓಣಿಯ ಒಳಚರಂಡಿಯನ್ನು ನಿವಾಸಿಗಳೇ ಹಣ ಹಾಕಿ ಕಟ್ಟಿಕೊಂಡರು. ದೊಡ್ಡ ಚರಂಡಿಗಳು ಸರ್ಕಾರದ ಹೊಣೆಯಾಗಿಯೇ ಉಳಿದವು. ಪುಣೆಯಲ್ಲೂ ಖಡಕವಾಸಲಾ ಅಣೆಕಟ್ಟಿನ ನೀರನ್ನು ಮನೆಯವರೆಗೆ ತರುವುದು ಪಾಲಿಕೆಯ ಕರ್ತವ್ಯವೇ, ಅದನ್ನು ಬಿಟ್ಟುಕೊಡಬೇಡಿ. ಆದರೆ ನಿಮ್ಮ ಬೋರ್‌ವೆಲ್ಲಿನ ನೀರು ಯಾವ ಪಾಲಿಕೆಯೂ ತುಂಬಿಸಿಕೊಡುವಂಥದ್ದಲ್ಲ. ಇಲ್ಲಿನ ಕಪ್ಪು ಬಸಾಲ್ಟ್ ಬಂಡೆಯ ಸವೆದ ಪದರದಲ್ಲೂ ಬಿರುಕುಗಳಲ್ಲೂ ಮಾತ್ರ ನೀರು ನಿಲ್ಲುತ್ತದೆ. ಒಂದು ಸೊಸೈಟಿ ಆಳಕ್ಕಿಳಿದರೆ ಪಕ್ಕದವರ ಬಾವಿ ಒಣಗಬಹುದು. ಆದ್ದರಿಂದ ಈ ಮಾತುಕತೆ ನಿಮ್ಮ ಕಾಂಪೌಂಡಿನೊಳಗೇ ಮುಗಿಯಬಾರದು.

ಮುಂದಿನ ಸಭೆಗೆ ಜಲಸಾಕ್ಷರತೆಯ ಭಾಷಣ ಬೇಡ. ಕಳೆದ ಬೇಸಿಗೆಯ ಟ್ಯಾಂಕರ್ ಬಿಲ್ಲುಗಳನ್ನು ಕೂಡಿಸಿ, ಪ್ರತಿ ಮನೆಗೆ ಎಷ್ಟು ಬಿತ್ತೆಂದು ಲಿಫ್ಟ್ ಬಳಿಯ ಫಲಕದಲ್ಲಿ ಬರೆದು ಹಾಕಿ. ಮನೆಮನೆಗೂ ಮೀಟರ್ ಇಡುವ ವಿಚಾರವನ್ನು ಅದೇ ದಿನ ಮಂಡಿಸಿ. ಬಾಡಿಗೆದಾರರನ್ನೂ ಮನೆಗೆಲಸದ ಹೆಣ್ಣುಮಕ್ಕಳನ್ನೂ ಕರೆಯಿರಿ, ಏಕೆಂದರೆ ನಲ್ಲಿ ನಿಂತಾಗ ಬಕೆಟ್ ಹೊರುವವರು ಅವರು.

ಪ್ರಶ್ನೆ: ಚಾವಣಿಯ ಮಳೆನೀರಿನಿಂದ ಗಣನೀಯ ಪ್ರಮಾಣದ ನೀರು ದೊರೆಯುತ್ತದೆಯೇ?
— ಓದುಗರು, ಪಿಂಪ್ರಿ

ಉತ್ತರ: ಪುಣೆಯಲ್ಲಿ ವರ್ಷಕ್ಕೆ ಸರಾಸರಿ 700 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. 100 ಚದರ ಮೀಟರ್ ಚಾವಣಿಯಲ್ಲಿ ಶೇಕಡಾ 80ರಷ್ಟು ಹಿಡಿದರೂ 56,000 ಲೀಟರ್ ಆಯಿತು. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಉಳಿದದ್ದನ್ನು ಜಲ್ಲಿ ಮತ್ತು ಮರಳಿನ ಸೋಸುಗುಂಡಿಯ ಮೂಲಕ ಇಂಗಿಸಿ. ಮೇ ಕೊನೆಯೊಳಗೆ ಮರಳನ್ನು ತೆಗೆದು ತೊಳೆಯುವವರು ಯಾರೆಂಬುದನ್ನು ಈಗಲೇ ಗೊತ್ತುಮಾಡಿ. ಹೆಚ್ಚಿನ ಗುಂಡಿಗಳು ಕೆಡುವುದು ಅಲ್ಲಿಯೇ.