ಸುತ್ತೋಲೆಯನ್ನು ನೋಡಿ ನಗಬಹುದು, ಅತಿಥಿ ಶಿಕ್ಷಕಿಯನ್ನಲ್ಲ

(ಗುರುತು ಸಿಗದಂತೆ ವಯಸ್ಸು, ಕೆಲವು ಘಟನೆಗಳನ್ನು ಬದಲಿಸಿದ್ದೇನೆ. ಹೆಸರು ಕಲ್ಪಿತ. ಬರೆಯಲು ಅವರ ಒಪ್ಪಿಗೆ ಇದೆ.)

ಸರೋಜಾ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಪ್ರಭಾರ ಮುಖ್ಯಶಿಕ್ಷಕಿ. ವಯಸ್ಸು ನಲವತ್ತು ದಾಟಿದೆ. ಭಾನುವಾರ ಸಂಜೆಯಾದರೆ ಹೊಟ್ಟೆ ಹಿಂಡುತ್ತದೆ, ನಡುರಾತ್ರಿ ಎಚ್ಚರವಾದರೆ ಕೈ ಮೊದಲು ಮೊಬೈಲ್ ಹುಡುಕುತ್ತದೆ. ಥೈರಾಯ್ಡ್, ರಕ್ತದೊತ್ತಡ, ಸಕ್ಕರೆ ಎಲ್ಲವನ್ನೂ ನೋಡಿ ಏನೂ ಸಿಗದೆ, ಅವರ ವೈದ್ಯರು ಕೌನ್ಸೆಲಿಂಗ್‌ಗೆಂದು ನನ್ನ ಬಳಿಗೆ ಕಳುಹಿಸಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ "ನಮ್ಮ ಇಲಾಖೆಯಲ್ಲಿ ಕೌನ್ಸೆಲಿಂಗ್ ಎಂದರೆ ವರ್ಗಾವಣೆ ಮೇಡಂ. ನೀವು ಯಾವ ಊರು ಕೊಡುತ್ತೀರಿ?" ಎಂದರು. ನಗದೆ ಇರಲು ಆಗಲಿಲ್ಲ.

ಮಾತಿನಲ್ಲಿ ಗಟ್ಟಿಗಿತ್ತಿ. ದೂರುಗಳೂ ಪೊಳ್ಳಲ್ಲ. ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆ. 2013ರಿಂದ ಕ್ಷೀರಭಾಗ್ಯದ ಹಾಲಿನ ಪುಡಿ. ಈಗ ವಾರಕ್ಕೆ ಆರು ದಿನ ಮೊಟ್ಟೆ, ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು. ಪ್ರತಿಯೊಂದಕ್ಕೂ ಒಂದು ವಹಿ, ಒಂದು ಫೋಟೊ, ಒಂದು ಆನ್‌ಲೈನ್ ನಮೂದು. ನೆಟ್‌ವರ್ಕ್ ಸಿಗುವುದು ಅಡುಗೆಕೋಣೆಯ ಹಿಂದಿನ ಕಟ್ಟೆಯ ಮೇಲೆ ನಿಂತರೆ ಮಾತ್ರ. ಜೊತೆಗೆ ಮತದಾರರ ಪಟ್ಟಿ, ಒಂದಲ್ಲ ಒಂದು ಸಮೀಕ್ಷೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. "ಮೊಟ್ಟೆ ಸುಲಿಯುವುದು ಇದರಲ್ಲಿ ಯಾವುದು? ವಿಪತ್ತು ಪರಿಹಾರವೇ ಇರಬೇಕು" ಎಂದರು ಸರೋಜಾ.

ಮುಂದೆ ಇನ್ನೊಂದು ಪ್ರಸಂಗವನ್ನೂ ತಮಾಷೆಯೆಂದೇ ಹೇಳಿದರು. ಹೊಸದಾಗಿ ಬಂದ ಅತಿಥಿ ಶಿಕ್ಷಕಿ ಹಾಜರಾತಿಯ ನಮೂದನ್ನು ತಪ್ಪು ತರಗತಿಗೆ ಹಾಕಿದ್ದಳು. ಸರೋಜಾ ಸಿಬ್ಬಂದಿಯೆಲ್ಲರ ಮುಂದೆ ಅವಳ ದನಿಯನ್ನೇ ಅನುಕರಿಸಿ ಆ ಪ್ರಸಂಗವನ್ನು ಅಭಿನಯಿಸಿ ತೋರಿಸಿದರು. ಎಲ್ಲರೂ ನಕ್ಕರು. ಆ ಹುಡುಗಿ ಮಧ್ಯಾಹ್ನ ಊಟ ಮಾಡಲಿಲ್ಲ. "ಅಷ್ಟಕ್ಕೇ ಅಳುವುದೇ?" ಎಂದು ಸರೋಜಾ ನನ್ನನ್ನು ಕೇಳಿದರು.

ಆ ದಿನ ಅವರು ಹೇಳಿದ ಹಾಸ್ಯಪ್ರಸಂಗಗಳಲ್ಲಿ ನಗೆಗೀಡಾದವರು ಯಾರೆಂದು ಇಬ್ಬರೂ ಕೂತು ಪಟ್ಟಿ ಮಾಡಿದೆವು. ಅಡುಗೆಯವರು, ಅತಿಥಿ ಶಿಕ್ಷಕಿ, ಉತ್ತರ ಬಾರದ ಒಬ್ಬ ಹುಡುಗ, ಕೊನೆಗೆ ಸ್ವತಃ ಸರೋಜಾ: "ನಾನೊಬ್ಬಳು ದಂಡಪಿಂಡ." ರಾತ್ರಿ ಹತ್ತಕ್ಕೆ ಬರುವ 'ತುರ್ತು' ಸಂದೇಶ, ಐದು ಸಲ ಕೇಳುವ ಒಂದೇ ಮಾಹಿತಿ, ಇವುಗಳ ಮೇಲೆ ಒಂದು ನಗೆಯೂ ಇರಲಿಲ್ಲ. ಒತ್ತಡ ಬರುತ್ತಿದ್ದುದು ಮೇಲಿನಿಂದ, ನಗೆ ಬೀಳುತ್ತಿದ್ದುದು ಕೆಳಗಿನವರ ಮೇಲೆ.

ಹಾಸ್ಯ ಮನಸ್ಸಿಗೆ ಒಳ್ಳೆಯದು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದು ಅರೆಸತ್ಯವಾಗಿಯೇ ಕಂಡಿದೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಜನರನ್ನು ಹತ್ತಿರ ತರುವುದು, ಕಷ್ಟದಲ್ಲಿ ತನ್ನನ್ನು ಎತ್ತಿಹಿಡಿಯುವುದು, ಇತರರನ್ನು ಚುಚ್ಚುವುದು, ತನ್ನನ್ನೇ ತುಳಿದುಕೊಳ್ಳುವುದು. ಸರೋಜಾ ಅವರಲ್ಲಿ ಮೊದಲಿನ ಎರಡು ಬತ್ತಿ, ಕೊನೆಯ ಎರಡು ಉಕ್ಕುತ್ತಿದ್ದವು. ಇದನ್ನು ಹೇಳಿದಾಗ ಅವರಿಗೆ ಸಿಟ್ಟು ಬಂತು. ಮುಂದಿನ ವಾರ ಬರುವುದಿಲ್ಲವೇನೋ ಅಂದುಕೊಂಡೆ. ಬಂದರು.

ಒಂದು ನೋಟುಪುಸ್ತಕ ಇಡಲು ಹೇಳಿದೆ. ದಿನದ ಅತ್ಯಂತ ಅಸಂಬದ್ಧ ಸಂಗತಿಯನ್ನು ಇಲಾಖೆಯ ಭಾಷೆಯಲ್ಲೇ ಬರೆಯಬೇಕು. ನಿಯಮ ಎರಡೇ: ಯಾರ ಹೆಸರೂ ಬರಬಾರದು, ಪುಸ್ತಕ ಮನೆ ದಾಟಬಾರದು. ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ನಡತೆ ನಿಯಮಗಳಡಿ ನೋಟಿಸು ಬರುತ್ತದೆ, ಆಗ ನಾನು ನೆರವಿಗೆ ಬರಲಾರೆ ಎಂದೂ ಎಚ್ಚರಿಸಿದೆ. ಅವರು ಬರೆದು ತಂದ ಮೊದಲನೆಯದು ಹೀಗಿತ್ತು:

"ವಿಷಯ: ಸೋರುವ ಕೊಠಡಿಯು ಸೋರುತ್ತಿರುವುದನ್ನು ದೃಢೀಕರಿಸುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಸೋರಿಕೆಯು ಕಚೇರಿ ವೇಳೆಯಲ್ಲೇ ಸಂಭವಿಸುತ್ತಿದೆಯೇ ಎಂಬುದನ್ನು ಖುದ್ದು ಪರಿಶೀಲಿಸಿ, ಒಣ ಫೋಟೊದೊಂದಿಗೆ ಇಂದೇ ವರದಿ ಸಲ್ಲಿಸುವುದು. ತಪ್ಪಿದಲ್ಲಿ ಮಳೆಯನ್ನೇ ಹೊಣೆಗಾರರನ್ನಾಗಿ ಮಾಡಲಾಗುವುದು."

ಓದುತ್ತ ಅವರೇ ಕಣ್ಣೀರು ಬರುವಷ್ಟು ನಕ್ಕರು. ಇದರಲ್ಲಿ ಯಾರಿಗೂ ನೋವಿಲ್ಲ.

ಕರುಣೆಯ ಮಾತು ಅಷ್ಟು ಸಲೀಸಾಗಿರಲಿಲ್ಲ. "ನನ್ನ ಮೇಲೆ ನಾನೇ ಕನಿಕರ ಪಡಲೇ? ಆಮೇಲೆ ಕೆಲಸ ಯಾರು ಮಾಡುತ್ತಾರೆ?" ಎಂದರು. ಅಮೆರಿಕದ ಕ್ರಿಸ್ಟಿನ್ ನೆಫ್ ಹೇಳುವ ಸ್ವ-ಕರುಣೆಯಲ್ಲಿ ನನಗೆ ಬಹಳ ಉಪಯುಕ್ತ ಅನ್ನಿಸಿದ ಅಂಶವೆಂದರೆ, ಕಷ್ಟ ನನ್ನೊಬ್ಬಳದಲ್ಲ ಎಂಬ ಅರಿವು. ಸಂದೇಶ ಕಳುಹಿಸುವ ಸಮೂಹ ಸಂಪನ್ಮೂಲ ವ್ಯಕ್ತಿಯನ್ನು ಸರೋಜಾ ಶತ್ರುವಿನಂತೆ ಕಾಣುತ್ತಿದ್ದರು. ಆತನೂ ಮೂಲತಃ ಶಿಕ್ಷಕ. ತನ್ನ ಸಮೂಹದ ಶಾಲೆಗಳ ಅಂಕಿಅಂಶ ಕೂಡಿಸಿ ಮೇಲಿನವರ ವಿಡಿಯೊ ಸಭೆಗೆ ಮುಂಚೆ ಒಪ್ಪಿಸಬೇಕಾದವನು. ಗುಂಪಿನಲ್ಲಿ ಕೊಂಕು ಬರೆಯುವ ಬದಲು ಒಮ್ಮೆ ಫೋನ್ ಮಾಡಿ ಎಂದೆ. ಮಾಡಿದರು. ಆತ ಬಸ್ಸಿನಲ್ಲಿ ಕೂತು ಪಟ್ಟಿ ತುಂಬಿಸುತ್ತಿದ್ದನಂತೆ. ಪರೀಕ್ಷೆ, ಮಳೆ ರಜೆಯಂಥ ವಿಷಯ ಬಿಟ್ಟರೆ ರಾತ್ರಿಯ ಸಂದೇಶಕ್ಕೆ ಬೆಳಿಗ್ಗೆ ಉತ್ತರ ಕೊಟ್ಟರೆ ಸಾಕೆಂದು ಇಬ್ಬರ ನಡುವೆ ಒಪ್ಪಂದವಾಯಿತು. ಅರ್ಧಕ್ಕರ್ಧ ಪಾಲನೆಯಾಗುತ್ತಿದೆ.

ಅತಿಥಿ ಶಿಕ್ಷಕಿಯ ಕ್ಷಮೆ ಕೇಳುವಾಗ ಒಂದೂ ತಮಾಷೆ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಹಾಸ್ಯಗಾರರು ಕ್ಷಮೆಯನ್ನೂ ಹಾಸ್ಯ ಮಾಡಿ ಜಾರಿಕೊಳ್ಳುತ್ತಾರೆ. ಹತ್ತು-ಹನ್ನೆರಡು ಸಾವಿರದ ಗೌರವಧನ, ಅದೂ ತಿಂಗಳುಗಟ್ಟಲೆ ತಡ, ವರ್ಷ ಮುಗಿದರೆ ಕೆಲಸವೇ ಇಲ್ಲ. ಅಂಥವಳು ಪ್ರಭಾರಿ ಮುಖ್ಯಶಿಕ್ಷಕಿಗೆ ಎದುರು ಮಾತಾಡುವುದು ಹೇಗೆ? "ತಪ್ಪಾಯಿತು" ಎಂದಷ್ಟೇ ಹೇಳಿ ನಮೂದು ಮಾಡುವ ಕ್ರಮವನ್ನು ಜೊತೆಗೆ ಕೂತು ಕಲಿಸಿದರಂತೆ.

ನಗೆ, ಕರುಣೆ ಎರಡನ್ನೂ ಒಂದು ವಿಷಯದ ಹತ್ತಿರ ಬಿಡಲಿಲ್ಲ. ಅದು ಮೊಟ್ಟೆಯ ದುಡ್ಡು. ಒಂದಕ್ಕೆ ಸಿಗುತ್ತಿದ್ದುದು ಆರು ರೂಪಾಯಿ, ಬೇಯಿಸುವ ಮತ್ತು ಸುಲಿಯುವ ಖರ್ಚೂ ಅದರಲ್ಲೇ. ಅಂಗಡಿಯ ದರ ಅದನ್ನು ಮೀರಿದಾಗಲೆಲ್ಲ ಉಳಿದದ್ದು ಸರೋಜಾ ಅವರ ಸಂಬಳದಿಂದ ಹೋಗುತ್ತಿತ್ತು. "ಕೋಳಿಗೆ ದತ್ತು ತಾಯಿ ನಾನು" ಎಂದು ಅದನ್ನೂ ನಗಿಸಿ ಮುಗಿಸಲು ನೋಡಿದರು. ನಾನು ನಗಲಿಲ್ಲ. ನಕ್ಕು ಹೊರೆ ಹಗುರ ಮಾಡಿಕೊಂಡರೆ ಹೊರೆ ಹೊರಿಸಿದವರಿಗೇ ಅನುಕೂಲ. ಇಂಥ ಕಡೆ ಬೇಕಾದದ್ದು ಬಿಲ್ಲು ಮತ್ತು ಅರ್ಜಿ. ಬಿಲ್ಲುಗಳನ್ನು ಲಗತ್ತಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ದಾಖಲಿಸಿ, ಬಿಸಿಯೂಟ ನೋಡಿಕೊಳ್ಳುವ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಬರೆದು, ಸ್ವೀಕೃತಿ ಪಡೆಯಲು ಹೇಳಿದೆ. ಶಿಕ್ಷಕರ ಸಂಘಕ್ಕೂ ಒಂದು ಪ್ರತಿ.

ಓದುವವರಲ್ಲಿ ಕೆಲವರ ಕಷ್ಟ ಬೇರೆಯಿರಬಹುದು. ಲೈಂಗಿಕ ಕಿರುಕುಳವಾದರೆ ಅದಕ್ಕೆ 2013ರ ಕಾಯ್ದೆಯಡಿ ದೂರು ಸಮಿತಿಯಿದೆ, ನೋಟುಪುಸ್ತಕ ಬೇಡ. ಬದುಕೇ ಬೇಡವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಸರೋಜಾ ಅವರ ನಿದ್ದೆ ಸುಧಾರಿಸಿದೆ. ಭಾನುವಾರದ ಹೊಟ್ಟೆನೋವು ಪೂರ್ತಿ ಹೋಗಿಲ್ಲ, ತಪಾಸಣೆಯ ವಾರಗಳಲ್ಲಿ ಮರಳುತ್ತದೆ. ಮೊಟ್ಟೆಯ ಹಣ ಇನ್ನೂ ಬಂದಿಲ್ಲ; ಎರಡನೆಯ ನೆನಪೋಲೆ ಹೋಗಿದೆ.