ಅಮ್ಮನನ್ನು ಕೇಳಿದ್ದೀರಾ?

ಪ್ರಶ್ನೆ: ಅಮ್ಮನಿಗೆ 76 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಹರಡಿದೆ. ಹೃದಯ ನಿಂತರೆ ಸಿಪಿಆರ್ ಮಾಡಬೇಕೇ ಎಂದು ವೈದ್ಯರು ಕೇಳಿದ್ದಾರೆ. ಅಣ್ಣ ‘ಎಲ್ಲ ಪ್ರಯತ್ನವೂ ಆಗಲಿ’ ಎನ್ನುತ್ತಾನೆ. ಬೇಡವೆಂದು ಸಹಿ ಹಾಕಿದರೆ ಅಮ್ಮನನ್ನು ನಾನೇ ಕೊಂದಂತಾಗುವುದಿಲ್ಲವೇ? ಅಮ್ಮನ ಕಿವಿಗೆ ಬೀಳಬಾರದೆಂದು ವಾರ್ಡಿನ ಹೊರಗೆ ನಿಂತು ಮೂರು ದಿನದಿಂದ ವಾದಿಸುತ್ತಿದ್ದೇವೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ಕಿವಿಗೆ ಬೀಳಬಾರದು ಎನ್ನುತ್ತೀರಿ. ಎಂದರೆ ಅಮ್ಮನಿಗೆ ಎಚ್ಚರವಿದೆ, ಆಡಿದ ಮಾತು ಅರ್ಥವಾಗುತ್ತದೆ. ಹಾಗಿದ್ದ ಮೇಲೆ ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೀವೂ ಅಲ್ಲ, ನಿಮ್ಮ ಅಣ್ಣನೂ ಅಲ್ಲ.

ಅವರನ್ನು ಕೇಳುವ ಮುನ್ನ ಸಿಪಿಆರ್ ಎಂದರೇನೆಂದು ಇಬ್ಬರೂ ತಿಳಿದುಕೊಳ್ಳಿ. ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಾರೆ. ವಯಸ್ಸಾದವರಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ, ರೋಗ ಮೂಳೆಗೆ ಇಳಿದಿದ್ದರಂತೂ ಇನ್ನೂ ಸುಲಭ. ಹೃದಯ ಮರಳಿ ಮಿಡಿದರೂ ಅನೇಕರು ವೆಂಟಿಲೇಟರ್‌ಗೆ ಹೋಗುತ್ತಾರೆ, ಗಂಟಲಿನಲ್ಲಿ ಕೊಳವೆ ಇರುವುದರಿಂದ ಮಾತು ನಿಲ್ಲುತ್ತದೆ. (ಧಾರಾವಾಹಿಗಳಲ್ಲಿ ಕಣ್ಣು ಬಿಟ್ಟು ಮಗನ ಹೆಸರು ಹೇಳುವವರನ್ನು ದಯವಿಟ್ಟು ಮರೆತುಬಿಡಿ.) 1960ರಲ್ಲಿ ಪ್ರಕಟವಾದ ಈ ವಿಧಾನವು ಹಠಾತ್ತನೆ ಹೃದಯ ನಿಂತವರಿಗಾಗಿ ರೂಪುಗೊಂಡದ್ದು, ಗುಣವಾಗದ ಕಾಯಿಲೆಯ ಕೊನೆಯಲ್ಲಿ, ನಿರೀಕ್ಷಿತ ಸಾವಿನ ಹೊತ್ತಿನಲ್ಲಿ ಇದು ಸೂಕ್ತವಲ್ಲವೆಂದು 1974ರ ಅಮೆರಿಕದ ಮಾರ್ಗಸೂಚಿಯೇ ಹೇಳಿತ್ತು.

ಆದ್ದರಿಂದ ನಿಮ್ಮ ಸಹಿ ಯಾರನ್ನೂ ಕೊಲ್ಲುವುದಿಲ್ಲ. ಸಾವು ಬಂದರೆ ಅದು ಕಾಯಿಲೆಯಿಂದ ಬರುತ್ತದೆ. ಡಿಎನ್‌ಆರ್ ಎಂದರೆ ಸಿಪಿಆರ್ ಬೇಡವೆಂಬ ಲಿಖಿತ ಸೂಚನೆ, ಅದು ಹೃದಯ ಅಥವಾ ಉಸಿರು ನಿಂತ ಆ ಕ್ಷಣಕ್ಕೆ ಮಾತ್ರ ಸಂಬಂಧಿಸಿದ್ದು. ಆಮ್ಲಜನಕ, ಸೋಂಕಿಗೆ ಔಷಧ, ನೋವಿಗೆ ಮಾರ್ಫಿನ್ ಯಾವುದೂ ಅದರಿಂದಾಗಿ ನಿಲ್ಲಬೇಕಾಗಿಲ್ಲ. ಇವನ್ನು ಮುಂದುವರಿಸುವುದಾಗಿ ಕೇಸ್ ಶೀಟಿನಲ್ಲಿ ಬರೆಯುವಂತೆ ವೈದ್ಯರನ್ನು ಕೋರಿ, ಅಣ್ಣನ ಎದುರಿನಲ್ಲಿಯೇ. ‘ಎಲ್ಲ ಪ್ರಯತ್ನ’ ಎನ್ನುವಾಗ ಅವರು ಹೆದರಿರುವುದು ಅಮ್ಮನ ಕೈಬಿಟ್ಟಂತಾಗುತ್ತದೆ ಎಂದೇ ಇರಬಹುದು.

ಅಮ್ಮ ಸಿಪಿಆರ್ ಬೇಕೆಂದರೆ, ಅದರಿಂದ ಆಗುವುದೇನು, ಆಗದಿರುವುದೇನು ಎಂದು ವೈದ್ಯರು ಅವರಿಗೇ ನೇರವಾಗಿ ವಿವರಿಸಲಿ. ಆನಂತರವೂ ಅವರ ಮಾತು ಅದೇ ಆಗಿದ್ದರೆ, ನಿಮಗೆ ಒಪ್ಪಿಗೆಯಿರಲಿ ಬಿಡಲಿ, ಅವರ ಪರ ನಿಲ್ಲಿ. ‘ನೀವೇ ನೋಡಿಕೊಳ್ಳಿ’ ಎಂದರೆ ಅದೂ ಅವರ ಉತ್ತರವೇ. ಆದರೆ ಅಲ್ಲಿಗೇ ಎದ್ದು ಬರಬೇಡಿ. ಅವರನ್ನು ಕಾಡುವ ಹೆದರಿಕೆ ಯಾವುದು, ನೋವೇ, ಯಂತ್ರಗಳೇ, ಒಂಟಿತನವೇ ಎಂದು ಕೇಳಿ, ಅವರು ಹೇಳಿದ ಮಾತುಗಳನ್ನು ಹಾಗೆಯೇ ಬರೆದುಕೊಂಡು ವೈದ್ಯರಿಗೆ ತಲುಪಿಸಿ. ಕೇಳುವಾಗ ಅಣ್ಣನೂ ಜೊತೆಗಿರಲಿ, ಮಂಚದ ಇನ್ನೊಂದು ಪಕ್ಕದಲ್ಲಿ.